ಕ್ಯಾಮೆರಾ ಆಫ್‌ಲೈನ್ ಅಂತ ರಿಪೇರಿಗೆ ಬಂದವರು ರೂಟರ್ ಮುಟ್ಟಿದರೆ ಪಕ್ಕದಲ್ಲೇ ನಿಂತಿರಿ

ಮನೆಯ ಸಿಸಿ ಕ್ಯಾಮೆರಾ ಆಗಾಗ ವೈಫೈ ಬಿಟ್ಟು ಹೋಗುವುದು ಕಿರಿಕಿರಿ, ಅಷ್ಟೇ. ಅದನ್ನು ಸರಿಮಾಡಲು ಬಂದವರು ಏನು ಮಾಡಿ ಹೋಗುತ್ತಾರೆ ಅನ್ನುವುದು ಅದಕ್ಕಿಂತ ದೊಡ್ಡ ವಿಷಯ. ನಮ್ಮ ಮನೆಯಲ್ಲಿ ಆದದ್ದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಆದರೆ ಕ್ಯಾಮೆರಾ ಹಾಕಿಸಿರುವವರು ಪೂರ್ತಿ ಓದಿ.

ನಮ್ಮಲ್ಲಿ ಮೂರು ಕ್ಯಾಮೆರಾ ಇವೆ. ಗೇಟಿನ ಹತ್ತಿರ ಒಂದು, ಹಿತ್ತಿಲಲ್ಲಿ ಒಂದು, ನಡುಮನೆಯಲ್ಲಿ ಅಮ್ಮ ಒಬ್ಬರೇ ಇದ್ದಾಗ ನೋಡಿಕೊಳ್ಳಲಿಕ್ಕೆಂದು ಕುತ್ತಿಗೆ ತಿರುಗಿಸುವ ಬಗೆಯದೊಂದು. ಮೂರೂ ವೈಫೈನವು. ಗೇಟಿನದು ಹಗಲೆಲ್ಲ ಸರಿಯಾಗಿದ್ದು ಕತ್ತಲಾದ ಮೇಲೆ ಆಫ್‌ಲೈನ್ ಆಗುತ್ತಿತ್ತು. ಹಿತ್ತಿಲಿನದಕ್ಕೆ ಹೊತ್ತುಗೊತ್ತು ಇರಲಿಲ್ಲ. ನಡುಮನೆಯದು ಒಂದು ದಿನವೂ ತಕರಾರು ಮಾಡಿದ್ದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಕ್ಯಾಮೆರಾ ಕೂರಿಸಿದವರನ್ನೇ ಕರೆಸಿದೆವು. ಬಂದ ಹುಡುಗ ಫೋನು ಹಿಡಿದು ಗೇಟಿನವರೆಗೆ ನಡೆದು ಬಂದು “ಸಿಗ್ನಲ್ ವೀಕ್ ಇದೆ ಸರ್” ಎಂದು ವೈಫೈಯನ್ನು ದೂರಕ್ಕೆ ದಾಟಿಸುವ ಎಕ್ಸ್‌ಟೆಂಡರ್ ಒಂದನ್ನು ಹಾಕಿದ. ಸರಿಹೋಗಲಿಲ್ಲ. ಆಮೇಲೆ ರೂಟರ್ ಹಳೆಯದು ಅಂದರು, ಹೊಸದು ಬಂತು. ಗೇಟಿನ ಕ್ಯಾಮೆರಾ ಆ ರಾತ್ರಿಯೂ ಹೋಯಿತು. ಕೊನೆಗೆ ಬೇರೊಬ್ಬರು, ಸ್ವಲ್ಪ ಹಿರಿಯರು, ಬಂದು ಲ್ಯಾಪ್‌ಟಾಪ್ ತೆರೆದು ರೂಟರ್ ಸೆಟ್ಟಿಂಗ್‌ನಲ್ಲಿ ತುಂಬಾ ಹೊತ್ತು ಕೂತಿದ್ದರು. ಏನು ಬದಲಾಯಿಸುತ್ತಿದ್ದೀರಿ ಎಂದು ಕೇಳಿದ್ದಕ್ಕೆ “ಡೈರೆಕ್ಟ್ ಕನೆಕ್ಷನ್ ಕೊಟ್ಟಿದೀನಿ ಸರ್, ಇನ್ನು ಕಟ್ ಆಗಲ್ಲ” ಎಂದರು. ಅದಕ್ಕಿಂತ ಹೆಚ್ಚಿನ ವಿವರ ಅವರ ಬಾಯಿಂದ ಬರಲಿಲ್ಲ.

ಕೆಲವು ದಿನ ಕಳೆದು ಅಮ್ಮ ಕೇಳಿದರು: “ಏನೋ, ಆಫೀಸಿಂದ ಈ ಕ್ಯಾಮೆರಾನ ನೀನು ತಿರುಗಿಸ್ತಾ ಇರ್ತೀಯಾ? ನಾನು ಅಡುಗೆಮನೆಗೆ ಹೋದ್ರೆ ಅದೂ ಆ ಕಡೆ ನೋಡುತ್ತೆ.” ಚಲನೆ ಕಂಡರೆ ಹಿಂಬಾಲಿಸುವ ಸೌಲಭ್ಯ ಅದರಲ್ಲಿದೆ, ಆದರೆ ನಾವು ಅದನ್ನು ಬಂದ್ ಮಾಡಿಟ್ಟಿದ್ದೆವು. ನಾನು ತಿರುಗಿಸಿರಲಿಲ್ಲ. ಹೆಂಡತಿಯೂ ಇಲ್ಲ. ಯಾರು ಯಾವಾಗ ಒಳಬಂದರೆಂದು ಕ್ಯಾಮೆರಾ ಬರೆದಿಡುವ ಲಾಗ್ ತೆಗೆದು ನೋಡಿದರೆ, ನಮಗೆ ಸಂಬಂಧವೇ ಇಲ್ಲದ ಐಪಿ ವಿಳಾಸಗಳಿಂದ (ನೆಟ್‌ವರ್ಕ್‌ನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ‘ಅಡ್ಮಿನ್’ ಹೆಸರಲ್ಲಿ ಲಾಗಿನ್ ಆಗಿತ್ತು. ಪಾಸ್‌ವರ್ಡ್ ಊಹಿಸಲು ಒದ್ದಾಡಿದ ಗುರುತೂ ಇಲ್ಲ, ನೇರವಾಗಿ ಒಳಗೆ.

ಪ್ಲಗ್ ಕಿತ್ತು, ಆಮೇಲೆ ರೂಟರ್ ನೋಡಿದೆ. ಗೇಟಿನ ಕ್ಯಾಮೆರಾಗೆ ಅಂತ ಡಿಎಂಜೆಡ್ ಆನ್ ಮಾಡಿದ್ದರು. ಅಂದರೆ, ಹೊರಗಿನ ಇಂಟರ್ನೆಟ್‌ನಿಂದ ನಮ್ಮ ಮನೆಯ ವಿಳಾಸಕ್ಕೆ ತಾನಾಗಿ ಬರುವ ಪ್ರತಿಯೊಂದು ಸಂಪರ್ಕವನ್ನೂ ತಡೆಯದೆ ಒಂದೇ ಸಾಧನಕ್ಕೆ ಕಳಿಸು ಅನ್ನುವ ಆಜ್ಞೆ. ಯುಪಿಎನ್‌ಪಿ ಕೂಡ ಆನ್. ಅದು ಇದ್ದರೆ ಮನೆಯೊಳಗಿನ ಯಾವುದೇ ಸಾಧನ ನಮ್ಮನ್ನು ಕೇಳದೆಯೇ ರೂಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ಬಾಗಿಲು, ತೆರೆಸಿಕೊಳ್ಳಬಹುದು. ಮೂರೂ ಕ್ಯಾಮೆರಾಗಳ ಅಡ್ಮಿನ್ ಪಾಸ್‌ವರ್ಡನ್ನು ‘ಗೊಂದಲ ಬೇಡ’ ಎಂದು ಡಬ್ಬಿಯ ಮೇಲೆ ಅಚ್ಚಾಗಿದ್ದ ಮೊದಲಿನದಕ್ಕೇ ತಂದಿಟ್ಟಿದ್ದರು. ವೈಫೈ ಪಾಸ್‌ವರ್ಡ್ ಒಂದರಿಂದ ಎಂಟರವರೆಗಿನ ಅಂಕಿಗಳಾಗಿತ್ತು.

ಗೇಟಿನ ಕ್ಯಾಮೆರಾಗೆ ಕೊಟ್ಟ ತೆರವು ನಡುಮನೆಯ ಕ್ಯಾಮೆರಾಗೆ ಹೇಗೆ ಹೋಯಿತು? ಡಿಎಂಜೆಡ್ ಸಾಧನವನ್ನು ಗುರುತಿಸುವುದಿಲ್ಲ, ಐಪಿ ವಿಳಾಸವನ್ನು ಗುರುತಿಸುತ್ತದೆ. ಆ ವಿಳಾಸವನ್ನು ರೂಟರ್ ಡಿಎಚ್‌ಸಿಪಿ ಎಂಬ ವ್ಯವಸ್ಥೆಯ ಮೂಲಕ ತಾನೇ ಹಂಚುತ್ತದೆ, ಅದೂ ಇಂತಿಷ್ಟು ಹೊತ್ತಿನ ಗಡುವಿಗೆ. ನಡುವೆ ಕರೆಂಟ್ ಹೋಗಿ ಬಂದಾಗ ರೂಟರ್ ಹೊಸದಾಗಿ ಹಂಚಿದೆ. ಗೇಟಿನದರ ಹಳೆಯ ವಿಳಾಸ ನಡುಮನೆಯದಕ್ಕೆ ಸಿಕ್ಕಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವ ಮಾತನ್ನು ನೆಟ್‌ವರ್ಕ್‌ನಲ್ಲಿ ಇಷ್ಟು ಅಚ್ಚುಕಟ್ಟಾಗಿ ಮಾಡಿ ತೋರಿಸಬಹುದೆಂದು ನನಗೆ ಗೊತ್ತಿರಲಿಲ್ಲ.

ಫೋನ್ ಮಾಡಿದರೆ “ಎಲ್ಲ ಕಡೆ ಹಂಗೇ ಮಾಡ್ತೀವಿ ಸರ್, ಯಾರೂ ಕಂಪ್ಲೇಂಟ್ ಮಾಡಿಲ್ಲ” ಎಂಬ ಉತ್ತರ. ನನಗೆ ಹೆದರಿಕೆಯಾದದ್ದು ಈ ‘ಎಲ್ಲ ಕಡೆ’ಗೆ.

ಇದು ನನ್ನೊಬ್ಬನ ಅತಿ ಹೆದರಿಕೆ ಅನಿಸಿದರೆ 2016ರ ಮಿರಾಯ್ ಬಾಟ್‌ನೆಟ್ (ಬೇರೆಯವರ ಸಾಧನಗಳನ್ನು ವಶಮಾಡಿಕೊಂಡು ದಾಳಿಗೆ ಬಳಸುವ ಜಾಲ) ಬಗ್ಗೆ ಹುಡುಕಿ ನೋಡಿ. ಅದು ಕಂಪ್ಯೂಟರುಗಳ ಹಿಂದೆ ಬೀಳಲಿಲ್ಲ. ಇಂಟರ್ನೆಟ್‌ಗೆ ತೆರೆದುಕೊಂಡಿದ್ದ ಕ್ಯಾಮೆರಾ, ಡಿವಿಆರ್ (ವಿಡಿಯೋ ರೆಕಾರ್ಡರ್), ರೂಟರುಗಳನ್ನು ಹುಡುಕಿ, ಕಾರ್ಖಾನೆಯಿಂದ ಬಂದ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡುತ್ತಿತ್ತು. ಅಷ್ಟರಿಂದಲೇ ಲಕ್ಷಗಟ್ಟಲೆ ಸಾಧನಗಳು ಅದರ ವಶವಾದವು. ಆ ವರ್ಷದ ಅಕ್ಟೋಬರ್ 21ರಂದು ಡೈನ್ (Dyn) ಎಂಬ ಡಿಎನ್‌ಎಸ್ ಕಂಪನಿಯ (ತಾಣದ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಮೇಲೆ ನಡೆದ ದಾಳಿಯಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಹಲವರಿಗೆ ಗಂಟೆಗಟ್ಟಲೆ ಸಿಗಲಿಲ್ಲ. ಆ ದಾಳಿ ಮಾಡಿದ ಸಾಧನಗಳಲ್ಲಿ ಜನರ ಮನೆಯ ಕ್ಯಾಮೆರಾಗಳೂ ಇದ್ದವು.

ಇನ್ನೊಂದು ವಿಷಯ ಸ್ಪಷ್ಟವಾಗಿರಲಿ. ಪೋರ್ಟ್ ತೆರೆಯುವುದಕ್ಕೂ ಕ್ಯಾಮೆರಾ ವೈಫೈ ಬಿಡುವುದಕ್ಕೂ ಸಂಬಂಧವಿಲ್ಲ. ಈಗಿನ ಆ್ಯಪ್ ಕ್ಯಾಮೆರಾಗಳು ತಾವೇ ಒಳಗಿನಿಂದ ಕಂಪನಿಯ ಸರ್ವರ್‌ಗೆ ಸಂಪರ್ಕ ಕಟ್ಟಿಕೊಳ್ಳುತ್ತವೆ, ನಮ್ಮ ಫೋನು ಆ ದಾರಿಯಲ್ಲಿ ಬಂದು ನೋಡುತ್ತದೆ. ಹೊರಗಿನಿಂದ ಒಳಬರಲು ದಾರಿ ಮಾಡಿಕೊಟ್ಟ ಮಾತ್ರಕ್ಕೆ ಕ್ಯಾಮೆರಾಗೂ ರೂಟರ್‌ಗೂ ನಡುವಿನ ರೇಡಿಯೋ ಕೊಂಡಿ ಗಟ್ಟಿಯಾಗುವುದಿಲ್ಲ. ಯಾರಾದರೂ ಆ ಕಾರಣ ಕೊಟ್ಟು ಪೋರ್ಟ್ ತೆರೆಯಲು ಹೊರಟರೆ ಅಲ್ಲೇ ನಿಲ್ಲಿಸಿ.

ಹಾಗಾದರೆ ನಿಜವಾದ ರೋಗ ಏನಿತ್ತು? ಗೇಟಿನ ಕ್ಯಾಮೆರಾದ ಗುಟ್ಟು ‘ಕತ್ತಲಾದ ಮೇಲೆ’ ಅನ್ನುವುದರಲ್ಲೇ ಇತ್ತು. ಬೆಳಕು ಕಡಿಮೆಯಾದಾಗ ಕ್ಯಾಮೆರಾ ಒಳಗೆ ‘ಟಿಕ್’ ಎಂದು ಫಿಲ್ಟರ್ ಸರಿದು ಇನ್‌ಫ್ರಾರೆಡ್ ಎಲ್‌ಇಡಿಗಳು ಹೊತ್ತಿಕೊಳ್ಳುತ್ತವೆ. ಆಗ ಅದು ಎಳೆಯುವ ಕರೆಂಟು ಒಮ್ಮೆಲೇ ಏರುತ್ತದೆ. ನಮ್ಮದು 5 ವೋಲ್ಟ್ ಯುಎಸ್‌ಬಿ ಅಡಾಪ್ಟರ್, ಅದರಿಂದ ಗೇಟಿಗೆ 5 ಮೀಟರ್ ಉದ್ದದ ಕೂದಲೆಳೆಯಂಥ ವೈರು. 28 ಗೇಜಿನ ತಂತಿಗೆ ಮೀಟರಿಗೆ ಸುಮಾರು 0.2 ಓಮ್ ಪ್ರತಿರೋಧ. ಹೋಗಿ ಬರುವ ಎರಡೂ ತಂತಿ ಸೇರಿ 10 ಮೀಟರ್, ಅಂದರೆ ಸುಮಾರು 2 ಓಮ್. ಅರ್ಧ ಆಂಪಿಯರ್ ಹರಿದರೂ 1 ವೋಲ್ಟ್ ವೈರಿನಲ್ಲೇ ಕಳೆದುಹೋಗುತ್ತದೆ. ಕ್ಯಾಮೆರಾ ತುದಿಯಲ್ಲಿ ಮಲ್ಟಿಮೀಟರ್ ಹಿಡಿದಾಗ ಹಗಲು 4.6 ವೋಲ್ಟ್ ಇದ್ದದ್ದು ಎಲ್‌ಇಡಿ ಹೊತ್ತಿದ ಕೂಡಲೇ 4ಕ್ಕಿಂತ ಕೆಳಗಿಳಿಯಿತು. ಕ್ಯಾಮೆರಾ ಸತ್ತು, ಮತ್ತೆ ಬೂಟ್ ಆಗಿ, ಕತ್ತಲು ಕಂಡು, ದೀಪ ಹೊತ್ತಿಸಿ, ಮತ್ತೆ ಸಾಯುತ್ತಿತ್ತು. ಆ್ಯಪ್‌ಗೆ ಇದ್ಯಾವುದೂ ಕಾಣುವುದಿಲ್ಲ, ‘ಆಫ್‌ಲೈನ್’ ಅನ್ನುತ್ತದೆ. ಎಲ್ಲರೂ ವೈಫೈಯನ್ನು ಬೈಯುತ್ತಾರೆ.

ದಪ್ಪ ವೈರು ಎಳೆಸಿದೆ, ಸರಿಹೋಯಿತು. ಹೊಸದಾಗಿ ಹಾಕಿಸುವವರಾದರೆ ಗೇಟಿನಂಥ ದೂರದ ಜಾಗಕ್ಕೆ ಪಿಒಇ ಕ್ಯಾಮೆರಾ ಕೇಳಿ. ಒಂದೇ ಎತರ್ನೆಟ್ ಕೇಬಲಿನಲ್ಲಿ ಡೇಟಾ, ಕರೆಂಟು ಎರಡೂ 100 ಮೀಟರಿನವರೆಗೆ ಹೋಗುತ್ತವೆ. ಸುಮಾರು 48 ವೋಲ್ಟಿನಲ್ಲಿ ಹರಿಯುವುದರಿಂದ ವೈರಿನಲ್ಲಿ ಆಗುವ ನಷ್ಟವೂ ಕಡಿಮೆ. ಕೇಬಲ್ ಮಾತ್ರ ಶುದ್ಧ ತಾಮ್ರದ್ದಿರಲಿ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತುರುಕುವವರಿದ್ದಾರೆ.

ಹಿತ್ತಿಲಿನದು ನಿಜಕ್ಕೂ ವೈಫೈ ಸಮಸ್ಯೆ. ವೈಫೈ ಬಳಸುವ ರೇಡಿಯೋ ತರಂಗಗಳಲ್ಲಿ ಆ ಕ್ಯಾಮೆರಾಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ಹೊಸ ರೂಟರ್ 2.4 ಮತ್ತು 5 ಎರಡಕ್ಕೂ ಒಂದೇ ಹೆಸರಿಟ್ಟು ಸಾಧನಗಳನ್ನು ಅತ್ತಿಂದಿತ್ತ ತಳ್ಳಲು ನೋಡುತ್ತಿತ್ತು. ಕ್ಯಾಮೆರಾಗಳಿಗೆಂದೇ 2.4ರಲ್ಲಿ ಬೇರೆ ಹೆಸರಿನ ನೆಟ್‌ವರ್ಕ್ ಮಾಡಿ, ಚಾನೆಲ್ ‘ಆಟೋ’ ತೆಗೆದು 1, 6, 11ರಲ್ಲಿ ಖಾಲಿಯಿರುವುದನ್ನು ಹಾಕಿ, ಅಗಲ 20 ಮೆಗಾಹರ್ಟ್ಸ್‌ಗೆ ಇಳಿಸಿದ ಮೇಲೆ ಅದು ನೆಲೆ ನಿಂತಿತು. ಎಕ್ಸ್‌ಟೆಂಡರ್ ಕಿತ್ತುಹಾಕಿದೆ. ಒಂದೇ ರೇಡಿಯೋ ಇರುವ ಎಕ್ಸ್‌ಟೆಂಡರ್ ಡೇಟಾದ ಪ್ರತಿ ತುಂಡನ್ನೂ ಎರಡು ಸಲ ಗಾಳಿಗೆ ಬಿಡಬೇಕು, ಹಾಗಾಗಿ ವೇಗ ಅರ್ಧಕ್ಕೆ ಬೀಳುತ್ತದೆ. ವಿಡಿಯೋಗೆ ಅದು ಒಳ್ಳೆಯದಲ್ಲ.

ನಿಮ್ಮಲ್ಲೂ ಹೀಗಾಗುತ್ತಿದ್ದರೆ, ಏನನ್ನೂ ಕೊಳ್ಳುವ ಮೊದಲು ಕ್ಯಾಮೆರಾ ಹೋಗುವ ಹೊತ್ತನ್ನು ಬರೆದಿಡಿ. ಕತ್ತಲಾದ ಮೇಲೆ ಅಂದರೆ ಪವರ್ ನೋಡಿ. ಗಡಿಯಾರ ಹಿಡಿದಂತೆ ಒಂದೇ ಅಂತರಕ್ಕೆ ಅಂದರೆ ಡಿಎಚ್‌ಸಿಪಿ ಗಡುವಿನ ಅನುಮಾನ, ರೂಟರ್‌ನಲ್ಲಿ ಆ ಕ್ಯಾಮೆರಾಗೆ ವಿಳಾಸ ಕಾಯಂ ಮಾಡಿ. ಎಲ್ಲ ಕ್ಯಾಮೆರಾಗಳೂ ಒಟ್ಟಿಗೆ ಹೋದರೆ ರೂಟರ್ ಅಥವಾ ಇಂಟರ್ನೆಟ್ ಲೈನು. ಒಂದೇ ಒಂದು, ಯಾವಾಗೆಂದರೆ ಆವಾಗ ಹೋಗುತ್ತಿದ್ದರೆ ಸಿಗ್ನಲ್. ಹಲವು ಆ್ಯಪ್‌ಗಳಲ್ಲಿ ಅದು ಮೈನಸ್ ಅಂಕಿಯಲ್ಲಿ ಕಾಣುತ್ತದೆ: -65 ಆಸುಪಾಸು ಚಿಂತೆಯಿಲ್ಲ, -75 ದಾಟಿದರೆ ಕಷ್ಟ. ನೋಡಲು ಹತ್ತೇ ಅಂಕಿಯ ವ್ಯತ್ಯಾಸ, ಶಕ್ತಿಯಲ್ಲಿ ಹತ್ತನೇ ಒಂದು ಭಾಗ. ಕ್ಯಾಮೆರಾದೊಳಗೆ ಮೆಮೊರಿ ಕಾರ್ಡ್ ಇದ್ದರೆ ವೈಫೈ ಹೋದರೂ ರೆಕಾರ್ಡಿಂಗ್ ಉಳಿಯುತ್ತದೆ, ಪವರ್ ಹೋದರೆ ಅದೂ ಇಲ್ಲ. ಕಾರ್ಡಿನಲ್ಲಿ ಆ ಹೊತ್ತಿನ ದೃಶ್ಯ ಇದೆಯೋ ಇಲ್ಲವೋ ನೋಡಿದರೆ ತಪ್ಪು ಯಾವ ಕಡೆ ಎಂದು ಅರ್ಧ ಗೊತ್ತಾಗುತ್ತದೆ.

ಈಗಾಗಲೇ ಯಾರಾದರೂ ಬಂದು ‘ಡೈರೆಕ್ಟ್ ಕನೆಕ್ಷನ್’ ಕೊಟ್ಟು ಹೋಗಿದ್ದರೆ ಇವತ್ತೇ ರೂಟರ್ ತೆರೆದು ಡಿಎಂಜೆಡ್, ಪೋರ್ಟ್ ಫಾರ್ವರ್ಡಿಂಗ್, ಯುಪಿಎನ್‌ಪಿ ಮೂರನ್ನೂ ನೋಡಿ ಬಂದ್ ಮಾಡಿ, ರೂಟರಿನ ಅಡ್ಮಿನ್ ಪಾಸ್‌ವರ್ಡನ್ನೂ ವೈಫೈ ಪಾಸ್‌ವರ್ಡನ್ನೂ ಬದಲಿಸಿ. ಕ್ಯಾಮೆರಾಗಳನ್ನು ರೀಸೆಟ್ ಮಾಡುವುದು ಅದಾದ ಮೇಲೆ. ಕ್ರಮ ತಲೆಕೆಳಗಾಗಬಾರದು. ಮಿರಾಯ್ ಥರದ್ದು ಸಾಧನದ ಮೆಮೊರಿಯಲ್ಲಷ್ಟೇ ಇರುತ್ತದೆ, ಆಫ್ ಮಾಡಿ ಆನ್ ಮಾಡಿದರೆ ಹೋಗುತ್ತದೆ. ಆದರೆ ಪೋರ್ಟ್ ತೆರೆದೇ ಇದ್ದು ಹಳೆಯ ಪಾಸ್‌ವರ್ಡ್ ಉಳಿದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಬಂದು ಕೂರುತ್ತದೆ. ಪಾಸ್‌ವರ್ಡ್ ಬದಲಿಸಿದರೆ ಸಾಲದು, ಪೂರ್ತಿ ಫ್ಯಾಕ್ಟರಿ ರೀಸೆಟ್ ಮಾಡಿ, ಯಾಕೆಂದರೆ ಒಳಗೆ ಬಂದವರು ಇನ್ನೊಂದು ಯೂಸರ್ ಹೆಸರು ಸೇರಿಸಿಟ್ಟಿದ್ದರೆ ಅದು ಹಾಗೆಯೇ ಉಳಿಯುತ್ತದೆ. ರೀಸೆಟ್ ಆದಮೇಲೆ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಪ್ರತಿ ಕ್ಯಾಮೆರಾಗೂ ಬೇರೆ ಬೇರೆ ಪಾಸ್‌ವರ್ಡ್ ಹಾಕಿ, ಆಮೇಲೆಯೇ ನೆಟ್‌ವರ್ಕ್‌ಗೆ ಖಾಯಂ ಸೇರಿಸಿ. ಕಂಪನಿ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿರುವ ಕ್ಯಾಮೆರಾ ಆದರೆ ಮನೆಯೊಳಗಂತೂ ಇಟ್ಟುಕೊಳ್ಳಲೇಬೇಡಿ.