ವಜ್ರಾಸನ ಕಲಿಸಿದ ಕಡಿಯಾಳಿ ಕಡೆಯ ಬೆಳಗಿನ ಯೋಗ ಕ್ಲಾಸ್

ನಾನು 28 ವರ್ಷದಿಂದ ಹೊಲಿಗೆ ಮಾಡುವವಳು. ನವರಾತ್ರಿ ಹೊತ್ತಿಗೆ ಬ್ಲೌಸಿನ ರಾಶಿ ಬಿದ್ದರೆ ಮೆಷಿನ್ ಬಿಟ್ಟು ಏಳುವುದು ಊಟಕ್ಕೆ ಮಾತ್ರ. ಬಲಗಾಲಿನ ಗಂಟು ಹಿಡಿದುಹೋಗಿ, ದೇವರ ಮುಂದೆ ನೆಲಕ್ಕೆ ಕೂತರೆ ಏಳಲಿಕ್ಕೆ ಗೋಡೆ ಬೇಕಿತ್ತು. ಮೊದಲೊಮ್ಮೆ ಬೇರೆ ಕಡೆ ಯೋಗಕ್ಕೆ ಸೇರಿದ್ದೆ. ಮೂರನೇ ದಿನವೇ "ಅಭ್ಯಾಸ ಆಗ್ತದೆ, ಕೂತ್ಕೊಳ್ಳಿ" ಅಂತ ಹೆಗಲು ಒತ್ತಿ ವಜ್ರಾಸನಕ್ಕೆ, ಅಂದರೆ ಮಂಡಿಯೂರಿ ಹಿಮ್ಮಡಿ ಮೇಲೆ, ಕೂರಿಸಿದರು. ಒಂದು ವಾರ ಮೆಟ್ಟಿಲು ಹತ್ತಲಾಗಲಿಲ್ಲ. ಆ ಹೆದರಿಕೆ ಇಟ್ಟುಕೊಂಡೇ ಕಳೆದ ಮಳೆಗಾಲದಲ್ಲಿ ಇಲ್ಲಿಗೆ ಬಂದದ್ದು.

ಇಲ್ಲಿನ ಟೀಚರ್ ಮೊದಲು ನೋಡಿದ್ದು ನನ್ನ ಪಾದ. "ನೋವು ಮೊಣಕಾಲ ಗಂಟಿನಲ್ಲಿ ಇರಬಹುದು ಅಕ್ಕ, ಬಿಗಿ ಇರುವುದು ಪಾದದಲ್ಲಿ" ಅಂದರು. ಹೌದು, ಕಾಲು ಮಡಚಿದರೆ ಪಾದದ ಮೇಲ್ಭಾಗ ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಆ ಸಂದಿಗೆ ಬೈರಾಸನ್ನು (ಟವೆಲ್) ಸುರುಳಿ ಸುತ್ತಿ ಇಟ್ಟರು. ಮೊಣಕಾಲು ಮಡಚುವ ಜಾಗದ ಹಿಂದೆ ತೆಳು ಬಟ್ಟೆ. ಹಿಮ್ಮಡಿ ಮೇಲೆ ಹಳೆಯ ಬೆಡ್‌ಶೀಟು, ಎಂಟು ಮಡಿಕೆ. ಕೂತೆ. ಅರ್ಧ ನಿಮಿಷ ಆದರೂ ನೋವಿಲ್ಲ! ಕಣ್ಣಲ್ಲಿ ನೀರು ಬಂತು ನನಗೆ.

ಹೀಗೆ ಬಟ್ಟೆ, ಇಟ್ಟಿಗೆ, ಬೆಲ್ಟು ಇಟ್ಟು ಆಸನ ಮಾಡಿಸುವ ಕ್ರಮವನ್ನು ಜಗತ್ತಿಗೇ ಹಬ್ಬಿಸಿದವರು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅಂತ ಟೀಚರ್ ಹೇಳಿದರು. ಇನ್ನೊಂದು ವಿಷಯವೂ ಅವರಿಂದಲೇ ತಿಳಿದದ್ದು. ಯೋಗದ ಹಳೆಯ ಗ್ರಂಥ ಘೇರಂಡ ಸಂಹಿತೆಯ 32 ಆಸನಗಳಲ್ಲಿ ವಜ್ರಾಸನ ಉಂಟು, ಆದರೆ ಇನ್ನೊಂದು ಹಳೆಯ ಗ್ರಂಥ ಹಠಯೋಗ ಪ್ರದೀಪಿಕೆಯಲ್ಲಿ, ಚಕ್ಕಳಮಕ್ಕಳ ಹಾಕಿದ ಹಾಗೆ ಕೂರುವ ಸಿದ್ಧಾಸನವನ್ನೇ ಕೆಲವರು ವಜ್ರಾಸನ ಅನ್ನುತ್ತಾರೆ ಅಂತ ಬರುತ್ತದೆ. ಹಳಬರಲ್ಲೇ ಒಂದು ಹೆಸರಿಗೆ ಎರಡು ಕೂರುವ ಕ್ರಮ ಇದ್ದ ಮೇಲೆ ನನ್ನ ಬೆಡ್‌ಶೀಟಿನ ವಜ್ರಾಸನವೂ ನಡೆಯುತ್ತದೆ ಅಂತ ಧೈರ್ಯ ಬಂತು.

ಮಡಿಕೆ ಒಂದೊಂದಾಗಿ ತೆಗೆದದ್ದು, ಅದೂ ಟೀಚರ್ ಬೆರಳು ತೂರಿಸಿ ನೋಡಿದ ಮೇಲೆ. ನಾಲ್ಕು ಮಡಿಕೆಗೆ ಇಳಿದಾಗ ಶಶಾಂಕಾಸನ ಶುರುವಾಯಿತು. ಮುಂದೆ ಬಾಗಿ ಹಣೆ ನೆಲಕ್ಕೆ ಮುಟ್ಟಿಸಿದರೆ ಬೆನ್ನಿನ ಹೊಲಿಗೆಯೆಲ್ಲ ಬಿಚ್ಚಿದ ಹಾಗೆ ಆಗುತ್ತದೆ. ಆಮೇಲೆ ಹೊಕ್ಕುಳಿನ ಹತ್ತಿರ ಮುಷ್ಟಿ ಒತ್ತಿಕೊಂಡು ಮಂಡೂಕಾಸನ, ಮೊಣಕಾಲ ಮೇಲೆ ನಿಂತು ಸೊಂಟಕ್ಕೆ ಕೈ ಕೊಟ್ಟು ಅರ್ಧ ಉಷ್ಟ್ರಾಸನ. ಹಿಂದಕ್ಕೆ ಮಲಗುವ ಸುಪ್ತ ವಜ್ರಾಸನ ನನಗೆ ಇನ್ನೂ ಕೊಟ್ಟಿಲ್ಲ. ಪಕ್ಕದ ಹುಡುಗಿ ಮಾಡುವಾಗ ಆಸೆ ಆಗುತ್ತದೆ. ಕೇಳಿದರೆ, "ಅದರಲ್ಲಿ ಗಂಟಿಗೆ ಎಳೆತ ಜಾಸ್ತಿ ಅಕ್ಕ, ತಡೆಯಿರಿ" ಅನ್ನುತ್ತಾರೆ.

ಕಾಲು ಜೋಮು ಹಿಡಿದರೆ ಸಹಿಸಿ ಕೂರಲು ಇಲ್ಲಿ ಬಿಡುವುದೇ ಇಲ್ಲ. ಮೊಣಕಾಲಿನ ಹೊರಬದಿಯಲ್ಲಿ ಚರ್ಮದ ಅಡಿಗೇ ಹೋಗುವ ನರ ಒಂದುಂಟು. ಅದು ಬಹಳ ಹೊತ್ತು ಒತ್ತಿಹೋದರೆ ಪಾದ ಎತ್ತಲಾಗದೆ ಜೋತುಬೀಳಬಹುದು. ಇದನ್ನು ಮೊದಲ ವಾರವೇ ಎಲ್ಲರಿಗೂ ಹೇಳುತ್ತಾರೆ. ಗಂಟಿನ ಆಪರೇಷನ್ ಆದವರು ಬಂದರೆ ಡಾಕ್ಟರನ್ನು ಕೇಳಿಕೊಂಡು ಬನ್ನಿ ಅಂತ ವಾಪಸು ಕಳಿಸಿದ್ದನ್ನೂ ನೋಡಿದ್ದೇನೆ.

ಕೊರತೆ ಹೇಳದಿದ್ದರೆ ತಪ್ಪಾಗುತ್ತದೆ. ಕ್ಲಾಸ್ ಇರುವುದು ಮಾಳಿಗೆಯಲ್ಲಿ, ಮೆಟ್ಟಿಲು ಕಡಿದು, ಹಿಡಿದುಕೊಳ್ಳಲು ಒಂದು ಬದಿ ಮಾತ್ರ ಕಂಬಿ. ಗಂಟು ನೋವಿನವರೇ ಹೆಚ್ಚು ಬರುವ ಜಾಗದಲ್ಲಿ ಇದು ಸರಿಯಲ್ಲ, ನಾನು ಎರಡು ಸಲ ಹೇಳಿಯೂ ಆಗಿದೆ. ಜೋರು ಮಳೆಯ ಆಟಿ ತಿಂಗಳಲ್ಲಿ ಅಲ್ಲಿನ ಮ್ಯಾಟುಗಳು ಬೂಸ್ಟು ವಾಸನೆ ಬರುತ್ತವೆ. ನಿಮ್ಮದೇ ಚಾಪೆ ತಂದರೆ ಒಳ್ಳೆಯದು.

ತಿಂಗಳಿಗೆ 700 ರೂಪಾಯಿ, ಬೆಳಿಗ್ಗೆ 6ರಿಂದ 7. ಈಗ ನನ್ನದು ಎರಡು ಮಡಿಕೆ. ಮಧ್ಯಾಹ್ನ ಕುಚ್ಚಲಕ್ಕಿ ಊಟ ಆದ ಮೇಲೆ ಅಂಗಡಿಯಲ್ಲೇ, ಕತ್ತರಿಸಿಟ್ಟ ಬಟ್ಟೆಗಳ ಪಕ್ಕ, ಐದು ನಿಮಿಷ ವಜ್ರಾಸನದಲ್ಲಿ ಕೂರುತ್ತೇನೆ. ಏಳುವಾಗ ಗೋಡೆ ಹಿಡಿಯುವುದಿಲ್ಲ.