ಗಾರೆಗೆ ಫೈಬರ್ ಹಾಕಿಸಿ ಆರು ವರ್ಷ: ನಮ್ಮ ಗೋಡೆ ಈಗ ಹೇಗಿದೆ

2019ರ ಮಾರ್ಚ್‌ನಲ್ಲಿ ದಾವಣಗೆರೆಯ ನಮ್ಮ ಮನೆಗೆ ಹೊರಗಡೆ ಪ್ಲಾಸ್ಟರಿಂಗ್ ಮಾಡಿಸಿದೆವು. ಆಗಿನ ಬಿಸಿಲು, ಒಣ ಗಾಳಿ ಗೊತ್ತಲ್ವಾ, ಬೆಳಗ್ಗೆ ಬಳಿದ ಗಾರೆ ಮಧ್ಯಾಹ್ನಕ್ಕೇ ಬಿಳಿಚಿಕೊಳ್ಳುತ್ತಿತ್ತು. ಅದಕ್ಕೇ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್‌ನ ಫೈಬರ್ ಹಾಕಿಸಿದೆ. ಕೂದಲಿಗಿಂತ ತೆಳ್ಳಗಿನ, 6 ಮಿಲಿಮೀಟರ್ ಉದ್ದದ ಎಳೆಗಳು. 50 ಕೆಜಿ ಸಿಮೆಂಟ್ ಚೀಲಕ್ಕೆ 125 ಗ್ರಾಂನ ಒಂದು ಪ್ಯಾಕೆಟ್.

ಕಾಂಪೌಂಡ್ ಗೋಡೆಗೆ ಮಾತ್ರ ಹಾಕಿಸಲಿಲ್ಲ, ದುಡ್ಡು ಉಳಿಯಲಿ ಅಂತ. ಅದೇ ಮೇಸ್ತ್ರಿ, ಅದೇ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಏಳು ದಿನ ನೀರು ಹೊಡೆದಿದ್ದೂ ಒಂದೇ ಥರ. ಇವತ್ತು ಕಾಂಪೌಂಡಿನ ಪಶ್ಚಿಮದ ಮುಖದಲ್ಲಿ ಜೇಡರ ಬಲೆಯಂತೆ ಸಣ್ಣ ಬಿರುಕುಗಳಿವೆ, ಮಳೆ ನಿಂತ ಮೇಲೂ ಆ ಗೆರೆಗಳಲ್ಲಿ ತೇವ ಕಾಣುತ್ತದೆ. ಮನೆಯ ಪಶ್ಚಿಮದ ಗೋಡೆಯಲ್ಲಿ ಹುಡುಕಿದರೂ ಅಂಥದ್ದು ಸಿಗುವುದಿಲ್ಲ.

ಆದರೆ ಅಂಗಡಿಯವರು ಹೇಳಿದಂತೆ ಗೋಡೆ ಬಿರುಕೇ ಬಿಡುವುದಿಲ್ಲ ಅನ್ನುವುದು ಸುಳ್ಳು. ಹಸಿ ಗಾರೆಯ ನೀರು ಬೇಗ ಆರಿ ಅದು ಕುಗ್ಗುವಾಗ, ಇನ್ನೂ ಗಟ್ಟಿಯಾಗಿರದ ಆ ಮೊದಲ ಕೆಲವು ಗಂಟೆಗಳಲ್ಲಿ ಸೀಳದಂತೆ ಹಿಡಿದುಕೊಳ್ಳುವುದೇ ಈ ಎಳೆಗಳ ಮುಖ್ಯ ಕೆಲಸ. ಅಡುಗೆಮನೆ ಕಿಟಕಿ ಪಕ್ಕ ಪಿಲ್ಲರ್ ಮತ್ತು ಬ್ಲಾಕ್ ಸೇರುವಲ್ಲಿ ಒಂದೇ ವರ್ಷಕ್ಕೆ ಉದ್ದಕ್ಕೆ ಬಿರುಕು ಬಂತು. ಎರಡೂ ಬೇರೆ ಬೇರೆ ಥರ ಹಿಗ್ಗಿ ಕುಗ್ಗುತ್ತವೆ, ಅಲ್ಲಿಗೆ ಮೊದಲೇ ಚಿಕನ್ ಮೆಶ್, ಅಂದರೆ ತೆಳು ತಂತಿಯ ಜಾಲರಿ, ಹೊಡೆಸಬೇಕಿತ್ತು. 2021ರಲ್ಲಿ ಕೆತ್ತಿಸಿ ಮೆಶ್ ಹಾಕಿಸಿದೆ, ಆಮೇಲೆ ತೊಂದರೆ ಇಲ್ಲ.

ಇನ್ನು ಕಲಸುವ ವಿಷಯ. ಮೊದಲ ದಿನ ಹುಡುಗರು ಕಲಸಿದ ಗಾರೆ ಮೇಲೆ ಪ್ಯಾಕೆಟ್ ಸುಮ್ನೆ ಸುರಿದುಬಿಟ್ಟರು. ಹತ್ತಿ ಉಂಡೆಯಂತೆ ಗಂಟು ಕಟ್ಟಿ ಕರಣೆಗೆ ಸಿಕ್ಕಿ ಕಿತ್ತು ಬರುತ್ತಿತ್ತು. ಮಾರನೇ ದಿನ ಮರಳು, ಸಿಮೆಂಟ್ ಒಣಗಿದ್ದಾಗಲೇ ಎಳೆ ಬಿಡಿಸಿ ಉದುರಿಸಿ, ಚೆನ್ನಾಗಿ ಮಗುಚಿ, ಆಮೇಲೆ ನೀರು ಹಾಕಿಸಿದೆ, ಸರಿಹೋಯಿತು. ಫೈಬರ್ ಬಿದ್ದರೆ ಗಾರೆ ಸ್ವಲ್ಪ ಬಿಗಿಯಾಗುತ್ತದೆ, ಆಗ ಇನ್ನೊಂದು ಬಕೆಟ್ ನೀರು ಸುರಿಯುತ್ತಾರೆ, ಅದಕ್ಕೆ ಮಾತ್ರ ಅವಕಾಶ ಕೊಡಬೇಡಿ. ನೀರು ಜಾಸ್ತಿಯಾದಷ್ಟೂ ಕುಗ್ಗುವುದು ಜಾಸ್ತಿ.

ಗೋಡೆ ಮೇಲೆ ಅಲ್ಲಲ್ಲಿ ಎಳೆ ಚಾಚಿಕೊಂಡಿರುತ್ತವೆ. ಪ್ರೈಮರ್‌ಗೆ ಮುಂಚೆ ಉಪ್ಪುಕಾಗದದಲ್ಲಿ ಉಜ್ಜಿಸಿದೆ, ಬಣ್ಣ ಆದಮೇಲೆ ಕಾಣಲಿಲ್ಲ.

ಮೋಲ್ಡ್‌ಗೆ (ಚಾವಣಿಯ ಕಾಂಕ್ರೀಟ್‌ಗೆ) ಫೈಬರ್ ಹಾಕಿದರೆ ಕಂಬಿ ಕಡಿಮೆ ಸಾಕು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಇಷ್ಟು ಸಣ್ಣ ಎಳೆ ಭಾರ ಹೊರುವುದಿಲ್ಲ, ಇಂಜಿನಿಯರ್ ಬರೆದುಕೊಟ್ಟ ಕಂಬಿಯಲ್ಲಿ ಒಂದೂ ಕಮ್ಮಿ ಆಗಬಾರದು.

ಮುಂದಿನ ತಿಂಗಳು ಕಾಂಪೌಂಡ್ ಗಾರೆ ಕೆತ್ತಿಸಿ ಹೊಸದಾಗಿ ಮಾಡಿಸುತ್ತಿದ್ದೇನೆ. ಎಂಟು ಪ್ಯಾಕೆಟ್ ಫೈಬರ್ ಈಗಲೇ ತಂದಿಟ್ಟಿದ್ದೇನೆ.