ನಾಲ್ಕು ಜೋಡಿ ಶೂಗಳು, ಒಂದೇ ಜೋಡಿ ಪಾದ

ಜೊತೆಗಾರನೊಂದಿಗೆ ಜೋಡಿಯಾಗಿ ಮಾಡುವ ಬಾಲ್‌ರೂಮ್ ನೃತ್ಯ ಕಲಿಯತೊಡಗಿದ ಮೊದಲ ಆರು ತಿಂಗಳು, ಪ್ರತಿ ತರಗತಿಯ ಮರುದಿನ ನನ್ನ ಬಲ ಮೊಣಕಾಲು ನೋಯುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಕೇಳಿಕೊಂಡೇ ಬೆಳೆದವಳು ನಾನು. ಹಾಗಾಗಿ ಯಾರಿಗೂ ದೂರು ಹೇಳದೆ, ತಪ್ಪೆಲ್ಲ ನನ್ನ ಕಾಲಿನದೇ ಎಂದುಕೊಂಡೆ. ನೆಲ ನೆಟ್ಟಗೇ ಇತ್ತು, ನಿಜ. ಡೊಂಕಿದ್ದದ್ದು ಶೂಗಳ ಅಟ್ಟೆಯಲ್ಲಿ. ರಬ್ಬರ್ ಅಟ್ಟೆ ಮರದ ನೆಲವನ್ನು ಕಚ್ಚಿ ಹಿಡಿಯುತ್ತದೆ. ದೇಹ ತಿರುಗುತ್ತದೆ, ಪಾದ ತಿರುಗುವುದಿಲ್ಲ, ಇವೆರಡರ ನಡುವೆ ಸಿಕ್ಕ ಮೊಣಕಾಲು ಆ ತಿರುಚನ್ನು ಹೊರಬೇಕಾಗುತ್ತದೆ.

ಅಲ್ಲಿಂದ ಮುಂದೆ ಮೂರು ವರ್ಷಗಳಲ್ಲಿ ನಾಲ್ಕು ಬಗೆಯ ಶೂಗಳನ್ನು ಹಾಕಿಕೊಂಡು ಕುಣಿದಿದ್ದೇನೆ. ಯಾವುದು ಅಗ್ಗ ಎಂಬುದನ್ನು ಕೊಂಡ ದಿನದ ಬೆಲೆಯಿಂದ ಅಳೆಯುವುದನ್ನು ಬಿಟ್ಟು, ಎಷ್ಟು ಗಂಟೆ ನೋವಿಲ್ಲದೆ ಕುಣಿಸಿತು ಎಂಬುದರಿಂದ ಅಳೆಯುತ್ತಾ ಬಂದಿದ್ದೇನೆ.

ಮೊದಲನೆಯದು ಖರ್ಚೇ ಇಲ್ಲದಂಥದ್ದು. ಮನೆಯಲ್ಲಿದ್ದ ಹಳೆಯ ಚರ್ಮದ ಶೂಗಳ ಅಟ್ಟೆಗೆ ಶೂ ದುರಸ್ತಿ ಮಾಡುವವರಿಂದ ಸ್ವೀಡ್ ಅಂಟಿಸಿಕೊಂಡೆ. ಸ್ವೀಡ್ ಎಂದರೆ ಮೈಮೇಲೆ ಸಣ್ಣ ನವಿರು ಎದ್ದಿರುವ ಮೆತ್ತನೆಯ ಚರ್ಮ. ಬೇಕಾದಷ್ಟು ಜಾರುತ್ತದೆ, ಬೇಕಾದಾಗ ನಿಲ್ಲುತ್ತದೆ. ಎರಡನೇ ವಾರಕ್ಕೇ ಮೊಣಕಾಲಿನ ನೋವು ಕಡಿಮೆಯಾಯಿತು. ಆದರೆ ಹೊರಗಡೆ ಓಡಾಡಲು ಮಾಡಿದ ಶೂ ದಪ್ಪ, ಭಾರ. ಅದರೊಳಗೆ ಪಾದ ಬಾಗುವುದೇ ಇಲ್ಲ. ವಾಲ್ಟ್ಜ್ ಎಂಬ ಮೂರೆಣಿಕೆಯ ನೃತ್ಯದಲ್ಲಿ ಮೂರನೇ ಎಣಿಕೆಯ ಕೊನೆಗೆ ತುದಿಗಾಲಿನಿಂದ ಮೆಲ್ಲಗೆ ಇಳಿಯಬೇಕಾದಲ್ಲಿ ನಾನು ಧೊಪ್ಪನೆ ಬೀಳುತ್ತಿದ್ದೆ. ಅಂಚಿನಿಂದ ಅಂಟು ಬಿಡಲು ಶುರುವಾದದ್ದು ನಾಲ್ಕನೇ ತಿಂಗಳಲ್ಲಿ. ನೃತ್ಯ ತನಗೆ ಹಿಡಿಸುತ್ತದೆಯೇ ಎಂದು ಇನ್ನೂ ನೋಡುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅದಕ್ಕಿಂತ ಹೆಚ್ಚಿನದನ್ನು ಇದರಿಂದ ನಿರೀಕ್ಷಿಸಬಾರದು.

ಎರಡನೆಯದು ಆನ್‌ಲೈನ್‌ನಲ್ಲಿ ಕೊಂಡ, ಹೆಸರಿಲ್ಲದ ತಯಾರಕರ ಲ್ಯಾಟಿನ್ ಸ್ಯಾಂಡಲ್, ಅಂದರೆ ಬಾಲ್‌ರೂಮ್‌ನ ರುಂಬಾ, ಚಾ ಚಾ, ಜೈವ್, ಸಾಂಬಾ ನೃತ್ಯಗಳಿಗೆ ಹಾಕುವಂಥದ್ದು. ಸ್ಯಾಟಿನ್ ಬಟ್ಟೆ, ಪಟ್ಟಿಗಳ ತುಂಬ ಹೊಳೆಯುವ ಹರಳು, ಮೂರು ಇಂಚಿನ ತೆಳು ಹಿಮ್ಮಡಿ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಮಾತು ಇದಕ್ಕೆಂದೇ ಹುಟ್ಟಿದಂತಿತ್ತು. ಹಿಮ್ಮಡಿ ಎತ್ತರವಿರುವ ಶೂಗಳಲ್ಲಿ ಪಾದದ ಕಮಾನಿನ ಕೆಳಗೆ ಶ್ಯಾಂಕ್ ಎಂಬ ಪಟ್ಟಿ ಇರುತ್ತದೆ, ಸಾಮಾನ್ಯವಾಗಿ ಉಕ್ಕಿನದು. ಎತ್ತರದಲ್ಲಿ ನಿಂತ ದೇಹದ ಭಾರ ಕಮಾನಿನ ಮೇಲೆ ಕುಸಿಯದಂತೆ ತಡೆಯುವುದು ಅದೇ. ಈ ಸ್ಯಾಂಡಲ್‌ನಲ್ಲಿ ಅದರ ಜಾಗದಲ್ಲಿದ್ದದ್ದು ರಟ್ಟಿನಂಥ ಒಂದು ತುಂಡು. ರುಂಬಾದಲ್ಲಿ ಪೂರ್ತಿ ಭಾರವನ್ನು ಒಂದೇ ಕಾಲಿನ ಮೇಲೆ ತಂದು ನಿಂತಾಗ ಹಿಮ್ಮಡಿ ಒಳಗಡೆಗೆ ವಾಲುತ್ತಿತ್ತು. ಎರಡು ತಿಂಗಳಲ್ಲಿ ಪಟ್ಟಿಗಳು ಸಡಿಲಗೊಂಡು, ಬೆರಳುಗಳು ಅಟ್ಟೆಯ ಅಂಚು ದಾಟಿ ನೆಲ ಮುಟ್ಟತೊಡಗಿದವು. ಒಂದು ಸಂಜೆ ಜೈವ್ ಮಾಡುತ್ತಿದ್ದಾಗ ಕಣಕಾಲು ಹೊರಳಿತು. ಎರಡು ವಾರ ತರಗತಿ ತಪ್ಪಿತು. ನಾಲ್ಕರಲ್ಲಿ ನನಗೆ ಅತ್ಯಂತ ದುಬಾರಿಯಾದದ್ದು ಈ ಅಗ್ಗದ ಜೋಡಿಯೇ.

ಆ ಏಟು ನನಗೊಂದು ಪರೀಕ್ಷೆ ಕಲಿಸಿತು. ಎತ್ತರದ ಹಿಮ್ಮಡಿಯ ಶೂ ಕೈಗೆ ಬಂದ ಕೂಡಲೇ ಬಾಗಿಸಿ ನೋಡುತ್ತೇನೆ. ಬೆರಳುಗಳ ಬುಡದಲ್ಲಿ ಮಡಚಬೇಕು, ಕಮಾನಿನಲ್ಲಿ ಮಡಚಬಾರದು. ಆಮೇಲೆ ಮೇಜಿನ ಮೇಲಿಟ್ಟು, ಹಿಮ್ಮಡಿಯ ಮೇಲೆ ಬೆರಳೊತ್ತಿ ಅಲುಗಿಸುತ್ತೇನೆ. ಅಲುಗಿದರೆ ಅದು ಎಷ್ಟೇ ಚೆಂದವಿರಲಿ, ಹಿಂದಕ್ಕೆ ಹೋಗುತ್ತದೆ. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು.

ಮೂರನೆಯದಕ್ಕೆ ಹಣ ಕೂಡಿಸಿಟ್ಟು, ಬಾಲ್‌ರೂಮ್ ಶೂಗಳನ್ನೇ ತಯಾರಿಸುವ ಸಂಸ್ಥೆಯೊಂದರ ಸ್ಟ್ಯಾಂಡರ್ಡ್ ಶೂ, ಅಂದರೆ ವಾಲ್ಟ್ಜ್, ಫಾಕ್ಸ್‌ಟ್ರಾಟ್, ಟ್ಯಾಂಗೋಗಳಂಥ ನೃತ್ಯಗಳ ಶೂ ಕೊಂಡೆ. ಬೆರಳು ಮುಚ್ಚುವ ಸ್ಯಾಟಿನ್ ಮಾದರಿ, ಎರಡು ಇಂಚಿನ ಹಿಮ್ಮಡಿ, ಬುಡದಲ್ಲಿ ಕೊಂಚ ಅಗಲವಾಗಿ ಹರಡಿದ ಫ್ಲೇರ್ ಆಕಾರ. ವಾಲ್ಟ್ಜ್, ಫಾಕ್ಸ್‌ಟ್ರಾಟ್‌ಗಳಲ್ಲಿ ಮುಂದಕ್ಕೆ ಇಡುವ ಹೆಜ್ಜೆ ಹಿಮ್ಮಡಿಯಿಂದ ಶುರುವಾಗುತ್ತದೆ. ಹಿಂದಕ್ಕೆ ಹೋಗುವಾಗ ಬೆರಳು ಮೊದಲು ನೆಲ ಸವರುತ್ತದೆ. ಜೊತೆಗಾರನ ಪಾದ ಒಂದಲ್ಲ ಒಂದು ದಿನ ನಮ್ಮ ಬೆರಳಿನ ಮೇಲೆ ಬಂದೇ ಬರುತ್ತದೆ. ಈ ಮೂರಕ್ಕೂ ಈ ಶೂ ತಕ್ಕ ಉತ್ತರ. ಮೊದಲ ದಿನ ಹಾಕಿಕೊಂಡು ಕೋಣೆಯನ್ನು ಒಂದು ಸುತ್ತು ಬಂದಾಗ ನನಗೆ ಗಂಟಲು ಕಟ್ಟಿತು. ಪಾದ ಎಲ್ಲಿ ಮುಗಿದು ನೆಲ ಎಲ್ಲಿ ಶುರುವಾಗುತ್ತದೆ ಎಂಬುದು ಅಟ್ಟೆಯ ಮೂಲಕ ಗೊತ್ತಾಗುತ್ತಿತ್ತು! ಎರಡು ವರ್ಷ ಕಳೆದರೂ ಶ್ಯಾಂಕ್ ಸೋತಿಲ್ಲ. ಆದರೆ ಇದರಲ್ಲಿ ಚಾ ಚಾ ಮಾಡಲು ಹೋದರೆ ಪಾದ ಕಟ್ಟಿಹಾಕಿದಂತಾಗುತ್ತದೆ. ಲ್ಯಾಟಿನ್‌ನಲ್ಲಿ ಮುಂಗಾಲು ಮೊದಲು ನೆಲಕ್ಕೆ ಬರಬೇಕು, ಬೆರಳುಗಳು ಹರಡಿ ನೆಲವನ್ನು ಒತ್ತಬೇಕು. ಮುಚ್ಚಿದ ಶೂಗಳಲ್ಲಿ ಆ ಸ್ವಾತಂತ್ರ್ಯವಿಲ್ಲ. ಸ್ಯಾಟಿನ್ ಮೇಲೆ ಬಿದ್ದ ಕಲೆಯೂ ಸುಲಭವಾಗಿ ಹೋಗುವುದಿಲ್ಲ. ನನ್ನದರ ಎಡಗಾಲಿನ ಮೇಲೆ ಒಂದು ಬೂದು ಗೆರೆ ಹಾಗೇ ಉಳಿದಿದೆ.

ನಾಲ್ಕನೆಯದು ನೋಡಲು ಏನೇನೂ ಅಲ್ಲದ ಅಭ್ಯಾಸದ ಶೂ. ಕಪ್ಪು ಚರ್ಮ, ಲೇಸು, ಒಂದೂವರೆ ಇಂಚಿನ ಗಟ್ಟಿ ಹಿಮ್ಮಡಿ. ಅಟ್ಟೆ ಎರಡು ತುಂಡು, ಮುಂಗಾಲಿಗೊಂದು, ಹಿಮ್ಮಡಿಗೊಂದು, ನಡುವೆ ಮೆತ್ತನೆಯ ಚರ್ಮ ಮಾತ್ರ. ಮೂರನೆಯದರ ಅರ್ಧ ಬೆಲೆಗೆ ಸಿಕ್ಕಿತು. ಇದು ನನ್ನ ಅತ್ಯಂತ ಪ್ರೀತಿಯ ಜೋಡಿ, ಮುಚ್ಚುಮರೆ ಬೇಡ. ಎರಡು ಗಂಟೆ ಸತತವಾಗಿ ಕುಣಿದರೂ ಮುಂಗಾಲು ಉರಿಯುವುದಿಲ್ಲ. ಲೇಸು ಇರುವುದರಿಂದ ಕಾಲು ಊದಿದ ದಿನ ಸಡಿಲಿಸಬಹುದು, ಚರ್ಮ ಹಿಗ್ಗಿದಾಗ ಬಿಗಿಯಬಹುದು. ಟ್ಯಾಂಗೋಗೂ ಸೈ, ಸಾಂಬಾಕ್ಕೂ ಸೈ. ಇಷ್ಟೊಂದು ತಗ್ಗಿನ ಹಿಮ್ಮಡಿಯಲ್ಲೇ ಅಭ್ಯಾಸ ಮಾಡಿದರೆ, ಪ್ರದರ್ಶನದ ದಿನ ಎತ್ತರದ ಹಿಮ್ಮಡಿಯ ಮೇಲೆ ಸಮತೋಲ ಹೊಸದಾಗಿ ಹುಡುಕಬೇಕಾಗುತ್ತದೆ ಎಂಬುದೊಂದೇ ಕೊರತೆ. ಆದ್ದರಿಂದ ಕೊನೆಯ ಹದಿನೈದು ದಿನ ನಾನು ಎತ್ತರದ ಜೋಡಿಗೆ ಬದಲಾಗುತ್ತೇನೆ.

ಅಳತೆಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಬಾಲ್‌ರೂಮ್ ಶೂಗಳಲ್ಲಿ ಇಂಗ್ಲೆಂಡಿನ ಅಳತೆ ಹೆಚ್ಚು ಬಳಕೆಯಲ್ಲಿದೆ. ಅಲ್ಲಿನ 5 ಎಂದರೆ ಯುರೋಪಿನ 38ರ ಆಸುಪಾಸು. ಅಮೆರಿಕದ ಮಹಿಳೆಯರ ಅಳತೆ ಇಂಗ್ಲೆಂಡಿನದಕ್ಕಿಂತ ಸುಮಾರು ಎರಡು ಸಂಖ್ಯೆ ಹೆಚ್ಚು. ಸಂಖ್ಯೆಗಳನ್ನು ನಂಬುವ ಬದಲು ಸಂಜೆಯ ಹೊತ್ತು ಕಾಗದದ ಮೇಲೆ ಪಾದವಿಟ್ಟು ಗೆರೆ ಎಳೆದು, ಮಿಲಿಮೀಟರ್‌ನಲ್ಲಿ ಅಳೆದು, ತಯಾರಕರ ಪಟ್ಟಿಯೊಂದಿಗೆ ಹೋಲಿಸುವುದು ಕ್ಷೇಮ. ಓಡಾಡುವ ಶೂಗಳಲ್ಲಿ ಬಿಡುವಂತೆ ಬೆರಳಿನ ಮುಂದೆ ಜಾಗ ಬಿಡಬಾರದು. ಬಿಗಿಯಾಗಿ ಅಪ್ಪಿಕೊಂಡಿರಬೇಕು, ಆದರೆ ಕಚ್ಚಬಾರದು. ಚರ್ಮ ಪಾದಕ್ಕೆ ತಕ್ಕಂತೆ ಹಿಗ್ಗುತ್ತದೆ, ಸ್ಯಾಟಿನ್ ಅಷ್ಟು ಹಿಗ್ಗುವುದಿಲ್ಲ. ಚರ್ಮದ್ದಾದರೆ ಮೊದಲ ದಿನ ತುಸು ಬಿಗಿ ಎನಿಸಿದರೂ ತಾಳಿಕೊಳ್ಳಬಹುದು.

ಗಂಡಸರಿಗೆ ಆಯ್ಕೆ ಇನ್ನೂ ಸುಲಭ. ಸ್ಟ್ಯಾಂಡರ್ಡ್‌ಗೆ ಸುಮಾರು ಒಂದು ಇಂಚಿನ ಹಿಮ್ಮಡಿಯ ಲೇಸು ಶೂ, ಲ್ಯಾಟಿನ್‌ಗೆ ಒಂದೂವರೆ ಇಂಚಿನ ಕ್ಯೂಬನ್ ಹಿಮ್ಮಡಿ, ಅಂದರೆ ಕೆಳಕ್ಕೆ ತುಸು ಕಿರಿದಾಗುವ ದಪ್ಪ ಹಿಮ್ಮಡಿ. ಒಂದೇ ಜೋಡಿ ಸಾಧ್ಯವಿದ್ದರೆ ಮೊದಲನೆಯದು ಸಾಕು. ನನ್ನ ಜೊತೆಗಾರ ಹೊಳಪಿನ ಪೇಟೆಂಟ್ ಚರ್ಮದ ಶೂ ಕೊಂಡು ಪೇಚಿಗೆ ಸಿಲುಕಿದರು. ಪಾದಗಳು ಒಂದರ ಪಕ್ಕ ಒಂದು ಹಾದುಹೋಗುವಾಗ ಆ ಚರ್ಮ ಪರಸ್ಪರ ಅಂಟಿಕೊಳ್ಳುತ್ತದೆ. ಒಳಬದಿಗೆ ತುಸು ವ್ಯಾಸಲೀನ್ ಸವರಿದ ಮೇಲೆ ಸರಿಹೋಯಿತು. ಸಾದಾ ಕಪ್ಪು ಚರ್ಮಕ್ಕೆ ಇದಾವುದೂ ಬೇಕಿಲ್ಲ.

ಯಾವುದನ್ನೇ ಕೊಂಡರೂ ಅದರ ಜೊತೆಗೆ ಒಂದು ತಂತಿಯ ಬ್ರಷ್ ಕೊಳ್ಳಿ. ನೆಲದ ಧೂಳು, ಮೇಣ ಹತ್ತಿ ಅಟ್ಟೆಯ ಸ್ವೀಡ್ ನುಣುಪಾಗುತ್ತದೆ, ಆಮೇಲೆ ಜಾರತೊಡಗುತ್ತದೆ. ನಾಲ್ಕೈದು ಬಾರಿ ಉಜ್ಜಿದರೆ ನವಿರು ಮತ್ತೆ ಏಳುತ್ತದೆ. ಶೂ ಹಾಕಿಕೊಂಡು ಹೊರಗೆ ಒಂದು ಹೆಜ್ಜೆಯನ್ನೂ ಇಡುವಂತಿಲ್ಲ, ನೀರು ತಗುಲಿದರೆ ಅಟ್ಟೆ ಗಟ್ಟಿಯಾಗುತ್ತದೆ. ನನ್ನ ಅಭ್ಯಾಸದ ಜೋಡಿಯನ್ನು ಈಗಲೂ ಬಟ್ಟೆಯ ಚೀಲದಲ್ಲಿ ಸುತ್ತಿ ಒಯ್ಯುತ್ತೇನೆ. ಬಾಗಿಲ ಬಳಿ ಕುಳಿತು ಬದಲಿಸಿ, ಲೇಸು ಬಿಗಿದು, ಅಟ್ಟೆ ಉಜ್ಜಿಯೇ ನೆಲಕ್ಕೆ ಇಳಿಯುತ್ತೇನೆ.